ತಾಳೆ ನೋಡಿದವನು

ಏನನ್ನೂ ಓದದೆ ಪರೀಕ್ಷೆಗೆ ಕೂರಬೇಕು ಎಂದು ಪಾಠ ಹೇಳುವ ಮೇಡಂ ಹೇಳಿದ್ದರು. ಆ ಮಾತು ಇಡೀ ವಾರ ಅವನಿಗೆ ಒಪ್ಪಿಗೆಯಾಗಿರಲಿಲ್ಲ. ಕಾನೂನು ಕಾಲೇಜಿನ ಪ್ರವೇಶ ಪರೀಕ್ಷೆಗೆ ಇನ್ನೂ ಏಳು ತಿಂಗಳಿದೆ, ದಪ್ಪ ಪುಸ್ತಕ ಕೊಂಡಾಗಿದೆ, ಅದಕ್ಕೆ ಕಂದು ಕಾಗದದ ಹೊದಿಕೆಯನ್ನೂ ಹಾಕಿಯಾಗಿದೆ, ಆದರೆ ತೆರೆಯುವಂತಿಲ್ಲ. "ಮೊದಲು ಒಂದು ಹಳೇ ಪತ್ರಿಕೆ ತಗೊಂಡು, ಗಡಿಯಾರ ನೋಡ್ಕೊಂಡು ಬರೀರಿ. ನೀವೀಗ ಎಲ್ಲಿದ್ದೀರಿ ಅಂತ ಗೊತ್ತಾಗದೆ, ಎಲ್ಲಿಗೆ ಹೋಗ್ಬೇಕು ಅಂತ ನಾನು ಹೇಗೆ ಹೇಳ್ಲಿ?" ಎಂದಿದ್ದರು. ಅವನಿಗಿಂತ ಹದಿನೈದು ವರ್ಷವಾದರೂ ಚಿಕ್ಕವರು. ನಲವತ್ತಮೂರರ ಗಂಡಸು ಬೆಂಚಿನ ತುದಿಯಲ್ಲಿ ಮೊಣಕಾಲು ಒತ್ತಿಕೊಂಡು ಕೂತಿರುವುದನ್ನು ನೋಡಿಯೂ ಅವರು ನಗಲಿಲ್ಲ. ನಕ್ಕಿದ್ದರೆ ಎದ್ದು ಬರಲು ಒಂದು ನೆಪವಾದರೂ ಸಿಗುತ್ತಿತ್ತು. ಹೆಂಡತಿಗೆ ಇದರಲ್ಲಿ ವಿಚಿತ್ರವೇನೂ ಕಾಣಲಿಲ್ಲ. ಅವಳು ಆಸ್ಪತ್ರೆಯಲ್ಲಿ ನರ್ಸು. "ಖಾಲಿ ಹೊಟ್ಟೇಲಿ ರಕ್ತ ಕೊಟ್ಟ ಹಾಗೆ ಅಷ್ಟೇ ರೀ. ಎರಡು ದಿನ ಸಕ್ಕರೆ ಬಿಟ್ಟು ಬಂದು, ಎಲ್ಲ ಸರಿಯಾಗಿದೆ ಅಂತ ಬರೆಸ್ಕೊಂಡು ಹೋಗ್ತಾರಲ್ಲ ಕೆಲವರು, ಯಾರಿಗೆ ಮೋಸ ಅದು?" ಅಂದಳು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ, ಮೋಸ ಎಂಬ ಆ ಒಂದು ಮಾತಿಗೆ ಅವನು ಬೆಚ್ಚಿ, ಮುಖ ತೊಳೆಯುವ ನೆಪದಲ್ಲಿ ಬಚ್ಚಲಿಗೆ ಹೋಗಿದ್ದ.

ಭಾನುವಾರ ಬೆಳಿಗ್ಗೆ ಹತ್ತಕ್ಕೆ ಊಟದ ಮೇಜಿನ ಮೇಲಿನ ಡಬ್ಬಿಗಳನ್ನೆಲ್ಲ ಸರಿಸಿ, ಮೂರು ಪೆನ್ಸಿಲು ಕೆತ್ತಿ ಸಾಲಾಗಿ ಇಟ್ಟುಕೊಂಡು ಕೂತ. ಹೆಂಡತಿ ಎದುರಿಗೆ ಕೂತು, ಡ್ಯೂಟಿಯಲ್ಲಿ ಎದೆಗೆ ಸಿಕ್ಕಿಸಿಕೊಳ್ಳುವ ಪುಟ್ಟ ಗಡಿಯಾರವನ್ನು ಮುಂದಿಟ್ಟುಕೊಂಡು, ಒಗೆದ ಬಟ್ಟೆಯ ರಾಶಿಯನ್ನು ಮಡಿಲಿಗೆ ಎಳೆದುಕೊಂಡಳು. ನಾಲ್ಕು ಭಾಗ. ಭಾಗಕ್ಕೆ ಇಪ್ಪತ್ತೈದು ಪ್ರಶ್ನೆ, ಮೂವತ್ತೈದು ನಿಮಿಷ. ಪ್ರತಿ ಪ್ರಶ್ನೆಗೂ ಐದು ಉತ್ತರ ಅವರೇ ಕೊಟ್ಟಿರುತ್ತಾರೆ, ಒಂದರ ಚುಕ್ಕಿ ತುಂಬಬೇಕು. "ಶುರು" ಅಂದಳು, ರೋಗಿಯ ನಾಡಿ ಹಿಡಿದವಳ ಹಾಗೆ ಗಡಿಯಾರದ ಮೇಲೆ ಕಣ್ಣಿಟ್ಟು. ಮೊದಲ ಪ್ರಶ್ನೆ ಒಂದು ಗ್ರಂಥಾಲಯದ್ದು. ಅದನ್ನು ಸಂಜೆ ಒಂದು ಗಂಟೆ ಹೊತ್ತು ಹೆಚ್ಚು ತೆರೆದಿಡಲು ಶುರುಮಾಡಿದರು. ಆ ವರ್ಷ ಎರವಲು ಹೋದ ಪುಸ್ತಕಗಳು ಹೆಚ್ಚಾದವು. ಆದ್ದರಿಂದ ಸಂಜೆಯ ಆ ಗಂಟೆಯೇ ಇದಕ್ಕೆ ಕಾರಣ. ಕೆಳಗಿನ ಯಾವುದು ನಿಜವಾದರೆ ಈ ವಾದ ದುರ್ಬಲವಾಗುತ್ತದೆ? ಅವನು ಸಾಲಿನ ಮೇಲೆ ಬೆರಳಿಟ್ಟು ಓದುತ್ತಿದ್ದಾಗ ಹೆಂಡತಿ, "ತುಟಿ ಆಡ್ತಿದೆ" ಅಂದಳು. "ಮಧ್ಯ ಮಾತಾಡ್ಬೇಡ" ಎಂದ.

ತುಟಿ ಆಡದೆ ಇನ್ನೇನು. ಹತ್ತೊಂಬತ್ತು ವರ್ಷದಿಂದ ಅವನು ನ್ಯಾಯಾಲಯದ ನಕಲು ವಿಭಾಗದಲ್ಲಿ ತಾಳೆ ನೋಡುವ ಗುಮಾಸ್ತ. ತೀರ್ಪಿನ ನಕಲು ಬೇಕೆಂದು ಜನ ಅರ್ಜಿ ಹಾಕುತ್ತಾರೆ, ಟೈಪಿನವರು ನಕಲು ಮಾಡಿ ಕೊಡುತ್ತಾರೆ, ಆಮೇಲೆ ಇಬ್ಬರು ಎದುರುಬದುರು ಕೂರಬೇಕು. ಒಬ್ಬ ಮೂಲವನ್ನು ಗಟ್ಟಿಯಾಗಿ ಓದುತ್ತಾನೆ, ಇನ್ನೊಬ್ಬ ನಕಲಿನ ಮೇಲೆ ಬೆರಳು ಆಡಿಸುತ್ತ ಹೋಗುತ್ತಾನೆ. ಅಲ್ಪವಿರಾಮ ಬಂದರೆ ಅಲ್ಪವಿರಾಮ ಎಂದೇ ಓದಬೇಕು, ಹೊಸ ಸಾಲು ಬಂದರೆ ಹೊಸ ಸಾಲು ಎನ್ನಬೇಕು. ಸೇರಿದ ಹೊಸದರಲ್ಲಿ ಅವನನ್ನು ಎದುರಿಗೆ ಕೂರಿಸಿಕೊಂಡ ಹಿರಿಯ ಗುಮಾಸ್ತರು, "ಅರ್ಥದ ಕಡೆ ನೋಡಿದ್ಯೋ ಅಕ್ಷರ ತಪ್ಪಿತು ಅಂತಾನೇ ಇಟ್ಕೋ. ಯಾರ ಮನೆ ಉರೀಲಿ, ಯಾರ ಮದುವೆ ಮುರೀಲಿ, ನಿನಗೆ ಸಾಲು ಮುಖ್ಯ" ಎಂದಿದ್ದರು. ಮನಸ್ಸು ಕಥೆಯ ಕಡೆ ಜಾರುತ್ತಿದೆ ಅನ್ನಿಸಿದರೆ ಸಾಲನ್ನು ಕೊನೆಯಿಂದ ಹಿಂದಕ್ಕೆ ಓದುವ ಉಪಾಯ ಹೇಳಿಕೊಟ್ಟವರೂ ಅವರೇ. ಹಾಗೆ ಅವನ ಬಾಯಿಯ ಮೂಲಕ ಎಷ್ಟು ಕೊಲೆ, ಎಷ್ಟು ಪಾಲು, ಎಷ್ಟು ವಿಚ್ಛೇದನ ದಾಟಿ ಹೋದವೋ. ಸಂಜೆ ಬಾಯಿ ಮುಕ್ಕಳಿಸಿದರೆ ಒಂದೂ ಉಳಿಯುತ್ತಿರಲಿಲ್ಲ. ಅವನು ಸಹಿ ಹಾಕಿದ ಒಂದು ನಕಲೂ ತಪ್ಪಾಗಿದೆಯೆಂದು ವಾಪಸು ಬಂದದ್ದಿಲ್ಲ. ಇದನ್ನು ಅವನು ಯಾರ ಮುಂದೆಯೂ ಹೇಳಿಕೊಂಡಿರಲಿಲ್ಲ, ಆದರೆ ಬೆಳಿಗ್ಗೆ ಕನ್ನಡಿಯ ಮುಂದೆ ತಲೆ ಬಾಚುವಾಗ ಅವನ ಮುಖದ ಮೇಲೆ ಅದು ಇರುತ್ತಿತ್ತು.

ಐದು ಉತ್ತರಗಳಲ್ಲಿ ಒಂದು ಹೀಗಿತ್ತು: ಪಕ್ಕದ ಬಡಾವಣೆಯಲ್ಲಿದ್ದ ಇನ್ನೊಂದು ಗ್ರಂಥಾಲಯ ಆ ವರ್ಷ ಮುಚ್ಚಿತು. ಅವನು ಮೇಲಕ್ಕೆ ಹೋಗಿ ನೋಡಿದ. ಪಕ್ಕದ ಬಡಾವಣೆ ಎಲ್ಲಿಂದ ಬಂತು? ಮೂಲದಲ್ಲಿ ಇಲ್ಲ. ಮುಚ್ಚಿದ ಮಾತೂ ಇಲ್ಲ. ಮೂಲದಲ್ಲಿ ಇಲ್ಲದ್ದು ನಕಲಿನಲ್ಲಿ ಬಂದರೆ ಅದಕ್ಕಿಂತ ದೊಡ್ಡ ತಪ್ಪುಂಟೇ ಎಂದು ಅದನ್ನು ನಿರ್ದಾಕ್ಷಿಣ್ಯವಾಗಿ ಹೊಡೆದು ಹಾಕಿದ. ಇನ್ನೊಂದರಲ್ಲಿ ಗ್ರಂಥಾಲಯ ಇತ್ತು, ಸಂಜೆ ಇತ್ತು, ಎರವಲು ಹೋದ ಪುಸ್ತಕವೂ ಇತ್ತು. ಅದರ ಚುಕ್ಕಿಯನ್ನು ಅಂಚು ಮೀರದಂತೆ ತುಂಬಿದ. ಕೆಲಸದ ಹದ ಕೈಗೆ ಹತ್ತಿತು. ಇಷ್ಟೇನಾ ಎಂದುಕೊಂಡ. ಇಷ್ಟಕ್ಕೆ ಜನ ಏಳು ತಿಂಗಳು ಓದುತ್ತಾರಾ? ಹದಿನೈದನೆಯ ಪ್ರಶ್ನೆ ಮುಗಿಸುವಷ್ಟರಲ್ಲಿ ಹೆಂಡತಿ "ನಿಲ್ಸಿ" ಅಂದಳು. ಇನ್ನೂ ಹತ್ತು ಉಳಿದಿದ್ದವು. "ಇದೊಂದು" ಎಂದ. "ನಿಲ್ಸಿ ಅಂದ್ರೆ ನಿಲ್ಸಿ" ಎಂದು ಪೆನ್ಸಿಲನ್ನು ಬೆರಳುಗಳ ನಡುವಿನಿಂದ ತೆಗೆದೇಬಿಟ್ಟಳು. ವೇಗ ಆಮೇಲೆ ಬರುತ್ತದೆ, ಬರೆದದ್ದು ಸರಿಯಿದ್ದರಾಯಿತು ಎಂದು ಸಮಾಧಾನ ಹೇಳಿಕೊಂಡು ನೀರು ಕುಡಿದ.

ಎರಡನೆಯ ಭಾಗದಲ್ಲಿ ಪ್ರಶ್ನೆಯ ಕೊನೆಗೆ ಮತ್ತೆ ಮತ್ತೆ ಒಂದೇ ಸಾಲು ಬರತೊಡಗಿತು: ಕೆಳಗಿನ ಯಾವುದು ನಿಜವಾದರೆ ಈ ಮಾತಿಗೆ ಹೆಚ್ಚು ಬಲ ಬರುತ್ತದೆ? ಮಾತಿಗೆ ಬಲ. ಹೊಲಿಗೆ ಅಂಗಡಿಯಲ್ಲಿ ದುಡಿಯುವ ಒಬ್ಬ ಹೆಂಗಸು ನಕಲು ವಿಭಾಗದ ಕಿಟಕಿಯ ಸರಳಿನ ಆಚೆ ನಿಂತು ಹೇಳಿದ್ದೂ ಇದೇ ಮಾತು, ಕಳೆದ ಗುರುವಾರ. "ನನ್ನ ಮಾತಿಗೆ ಬಲ ಇಲ್ವಂತೆ." ಅವರಿಗೆ ಐವತ್ತೈದರ ಮೇಲೆ, ಕುತ್ತಿಗೆಗೆ ಅಳತೆ ಪಟ್ಟಿ ಹಾಕಿಕೊಂಡೇ ಬರುತ್ತಿದ್ದರು, ತೆಗೆಯುವುದು ಮರೆತು. ಹನ್ನೊಂದು ತಿಂಗಳ ಹಿಂದೆ ಅದೇ ಕಿಟಕಿಯಲ್ಲಿ ಅವರು ತಮ್ಮ ತೀರ್ಪಿನ ನಕಲು ತೆಗೆದುಕೊಂಡಿದ್ದರು. ಮನೆಯ ಮುಂದಿನ ಎರಡು ಕೋಣೆಗಾಗಿ ಮೈದುನನ ಮೇಲೆ ಹಾಕಿದ ದಾವೆ. ಇಪ್ಪತ್ತೆರಡು ಪುಟವನ್ನು ಆಚೆ ಈಚೆ ತಿರುಗಿಸಿ, "ವಕೀಲರು ಪರ ಊರಿಗೆ ಹೋಗಿದ್ದಾರೆ. ಗೆದ್ದಿದ್ದೀನಾ, ಸೋತಿದ್ದೀನಾ, ಅಷ್ಟು ಹೇಳಿಪ್ಪಾ" ಎಂದರು. ಹಿಂದಿನ ದಿನವಷ್ಟೇ ಅದರ ಅಕ್ಷರ ಅಕ್ಷರವನ್ನು ಅವನು ಗಟ್ಟಿಯಾಗಿ ಓದಿದ್ದ. ಗೆದ್ದವರು ಯಾರೆಂದು ಅವನಿಗೆ ಗೊತ್ತಿರಲಿಲ್ಲ. ಗೊತ್ತಿಲ್ಲ ಎನ್ನಬಹುದಿತ್ತು. ನಕಲಿನ ವಿಷಯದ ಬಗ್ಗೆ ಸಿಬ್ಬಂದಿಯನ್ನು ಏನೂ ಕೇಳಬಾರದು ಎಂಬ ಬೋರ್ಡು ಅವನ ತಲೆಯ ಮೇಲೆಯೇ ಇತ್ತು, ಅದನ್ನು ತೋರಿಸಬಹುದಿತ್ತು. ಆದರೆ ಅವರ ಹಿಂದೆ ಏಳೆಂಟು ಜನ ನಿಂತಿದ್ದರು, ಹತ್ತೊಂಬತ್ತು ವರ್ಷ ಓದಿದವನಿಗೆ ಇಷ್ಟೂ ತಿಳಿಯದೆ ಎಂದು ಅವರೆಲ್ಲ ನೋಡುತ್ತಿದ್ದಾರೆ ಎನ್ನಿಸಿತು. ಕೊನೆಯ ಪುಟಕ್ಕೆ ತಿರುಗಿಸಿ ಬೆರಳಿಟ್ಟ. ದಾವೆಯನ್ನು ಭಾಗಶಃ ಒಪ್ಪಲಾಗಿದೆ. "ಒಪ್ಪಿದ್ದಾರಮ್ಮ. ಗೆದ್ದಿದ್ದೀರಿ" ಎಂದ. ಭಾಗಶಃ ಎಂಬುದರ ಎರಡು ಸೊನ್ನೆಯನ್ನೂ ಅವನು ತಾಳೆ ನೋಡಿದ್ದ, ಎರಡೂ ಇದ್ದವು. ಅದರ ಕೆಳಗಿನ ಸಾಲಿನಲ್ಲಿ, ಓಣಿಯಲ್ಲಿ ನಡೆದಾಡುವ ಹಕ್ಕು ಮಾತ್ರ ವಾದಿಗೆ, ಕೋಣೆಗಳ ಬೇಡಿಕೆ ವಜಾ ಎಂದಿತ್ತು. ಆ ಹೆಂಗಸು ಸರಳಿನ ಒಳಗೆ ಕೈ ತೂರಿಸಿ ಅವನ ಕೈ ಮುಟ್ಟಿ ಹೋದರು. ಮೇಲ್ಮನವಿಗೆ ಇದ್ದ ಮೂರು ತಿಂಗಳ ಗಡುವು ಗೆದ್ದ ಸಂತೋಷದಲ್ಲೇ ಕಳೆದುಹೋಯಿತು. ನಾಲ್ಕನೆಯ ತಿಂಗಳು ಮೈದುನ ಕೋಣೆಗಳಿಗೆ ಬೀಗ ಹಾಕಿದ. ಮಾತು ಮನೆ ಕೆಡಿಸಿತು ಎಂಬ ಗಾದೆಯನ್ನು ಅವನು ಎಷ್ಟು ಸಲ ಕೇಳಿದ್ದನೋ, ಮಾತಾಡಿದವನ ಹೊಟ್ಟೆಯೊಳಗೆ ಏನಾಗುತ್ತದೆ ಎಂದು ಅದು ಹೇಳುವುದಿಲ್ಲ.

"ಐದು ನಿಮಿಷದಿಂದ ಒಂದೇ ಕಡೆ ನೋಡ್ತಿದ್ದೀರಿ" ಎಂದಳು ಹೆಂಡತಿ. ಅವನು ಬೇಗ ಬೇಗ ಎರಡು ಚುಕ್ಕಿ ತುಂಬಿದ. ಬೀಗ ಹಾಕಿದ ಸುದ್ದಿ ಆಫೀಸಿನಲ್ಲಿ ಅವನ ಕಿವಿಗೆ ಬಿದ್ದ ವಾರವೇ ಹೋಗಿ ಈ ಪುಸ್ತಕ ಕೊಂಡಿದ್ದು. ಕಾನೂನು ಓದುತ್ತೇನೆ ಎಂದಾಗ ಆಫೀಸಿನಲ್ಲಿ ಎಲ್ಲರೂ ಚಹಾ ಕುಡಿಸಿ ಎಂದರು, ಈ ವಯಸ್ಸಿನಲ್ಲೂ ಎಂಥ ಹುಮ್ಮಸ್ಸು ಎಂದರು. ಅವನೂ ಅದನ್ನು ನಂಬಿಕೊಂಡ. ಓದಿ, ಪಾಸಾಗಿ, ಮೂರು ವರ್ಷ ಸಂಜೆ ಕಾಲೇಜು ಮುಗಿಸಿ, ಕಿಟಕಿಯ ಆಚೆಗೆ ಹೋಗಿ ನಿಂತು, ಇಂಥವರಿಗೆ ಸರಿಯಾಗಿ ಓದಿ ಹೇಳುತ್ತೇನೆ. ಅಲ್ಲಿಯವರೆಗೆ ಆ ಹೆಂಗಸು ಎಲ್ಲಿರಬೇಕು ಎಂಬುದು ಆ ಲೆಕ್ಕದಲ್ಲಿ ಬರುತ್ತಿರಲಿಲ್ಲ. ಅವರು ಮಾತ್ರ ಬರುತ್ತಿದ್ದರು. ಅಂಗಡಿಗೆ ರಜೆಯಾದ ಗುರುವಾರ, ಮೂರು ವಾರದಿಂದ. ಮೊದಲ ಗುರುವಾರ, "ಹೊಸ ವಕೀಲರು ಸಿಕ್ಕಿದ್ದಾರಪ್ಪಾ. ತಡವಾದ್ರೂ ಅರ್ಜಿ ಹಾಕ್ಬಹುದಂತೆ, ತಡ ಯಾಕಾಯ್ತು ಅನ್ನೋದಕ್ಕೆ ಗಟ್ಟಿ ಕಾರಣ ಬೇಕಂತೆ. ಕೋರ್ಟಲ್ಲಿ ಒಬ್ಬರು ಗೆದ್ದಿದ್ದೀರಿ ಅಂದ್ರು ಅಂತ ಹೇಳ್ದೆ. ಯಾರು ಅಂತ ಕೇಳಿದ್ರು. ನಿಮ್ಮನ್ನ ತೋರಿಸ್ಲಿಲ್ಲ. ನಿಮಗ್ಯಾಕೆ ತೊಂದ್ರೆ" ಎಂದರು. ಅವನು "ಆಯ್ತಮ್ಮ" ಎಂದ. ಎರಡನೆಯ ಗುರುವಾರ, ಯಾರೋ ಅಂದರು ಎಂದರೆ ನ್ಯಾಯಾಧೀಶರು ನಂಬುವುದಿಲ್ಲವಂತೆ ಎಂದರು. ಅವನು "ಹೌದೇನಮ್ಮ" ಎಂದ. ಮೂರನೆಯ ಗುರುವಾರ, ಮುಂದಿನ ವಾರವೇ ಅರ್ಜಿ ಹಾಕುತ್ತಾರೆ ಎಂದು ಹೇಳಿ, ಆಫೀಸು ಮುಚ್ಚುವವರೆಗೂ ಎದುರಿನ ಬೆಂಚಿನ ಮೇಲೆ ಕೂತಿದ್ದರು. ಅವನು ಎರಡು ಸಲ ತಲೆ ಎತ್ತಿ ನೋಡಿ, ಎರಡು ಸಲವೂ ನಕ್ಕ. ಎಂಥ ದೊಡ್ಡ ಮನಸ್ಸು, ನನ್ನನ್ನು ಕಾಪಾಡುತ್ತಿದ್ದಾರೆ ಎಂದು ಮನೆಗೆ ಬರುವ ದಾರಿಯಲ್ಲಿ ಅವನ ಕಣ್ಣು ತುಂಬಿ ಬಂದಿತ್ತು.

ಹನ್ನೆರಡೂವರೆ ದಾಟಿದ ಮೇಲೆ ನಾಲ್ಕನೆಯ ಭಾಗವೂ ಮುಗಿಯಿತು. ಉತ್ತರದ ಪಟ್ಟಿಯನ್ನು ಹೆಂಡತಿ ಓದಿದಳು, ಅವನು ತನ್ನ ಹಾಳೆಯ ಮೇಲೆ ಬೆರಳಾಡಿಸಿದ. ಈ ಕೆಲಸ ಅವನಿಗೆ ನೀರು ಕುಡಿದಷ್ಟು ಸುಲಭ. ಮೊದಲ ಆರು ತಪ್ಪಾದಾಗ ಅವಳು ಸಾಲು ತಪ್ಪಿದ್ದಾಳೆ ಎಂದುಕೊಂಡು ಮತ್ತೆ ಮೊದಲಿನಿಂದ ಓದಿಸಿದ. ಸಾಲು ಸರಿಯಾಗಿಯೇ ಇತ್ತು. ಬರೆದದ್ದು ಅರವತ್ತು, ಸರಿಯಾದದ್ದು ಏಳು.

"ಕಣ್ಣು ಮುಚ್ಕೊಂಡು ಚುಕ್ಕಿ ಇಟ್ಟಿದ್ರೂ ಐದಕ್ಕೊಂದು ಅಂತ ಹನ್ನೆರಡು ಬರ್ತಿತ್ತಲ್ರೀ" ಎಂದಳು ಹೆಂಡತಿ. ಚುಚ್ಚಲು ಹೇಳಿದ್ದಲ್ಲ, ಅವಳಿಗೆ ನಿಜಕ್ಕೂ ಆಶ್ಚರ್ಯವಾಗಿತ್ತು. ಗ್ರಂಥಾಲಯದ ಪ್ರಶ್ನೆಯನ್ನು ತನ್ನ ಕಡೆ ತಿರುಗಿಸಿಕೊಂಡು ಓದಿ, ಅರ್ಧ ನಿಮಿಷದಲ್ಲಿ, "ಪಕ್ಕದ್ದು ಮುಚ್ಚಿದ್ರೆ ಅಲ್ಲಿಯೋರೆಲ್ಲ ಇಲ್ಲಿಗೇ ಬರ್ತಾರೆ. ಪುಸ್ತಕ ಅದಕ್ಕೇ ಜಾಸ್ತಿ ಹೋಯ್ತು. ಜ್ವರ ಇಳೀತು ಅಂದ್ರೆ ಮಾತ್ರೆಯಿಂದ್ಲೇ ಇಳೀತು ಅಂತಲ್ಲ" ಎಂದಳು.

"ಪಕ್ಕದ ಬಡಾವಣೆ ಅಂತ ಮೇಲೆಲ್ಲೂ ಇಲ್ಲ."

"ಇಲ್ದೆ ಇರೋದನ್ನೇ ಕೇಳ್ತಿರೋದು. ನೀವು ಎತ್ತು ಈಯ್ತು ಅಂದ್ರೆ ಕೊಟ್ಟಿಗೇಲಿ ಕಟ್ಟು ಅನ್ನೋರು. ಬರೆದಿರೋ ಮಾತು ಎಲ್ಲಿ ಮತ್ತೆ ಸಿಗುತ್ತೋ ಅಲ್ಲೇ ಹೋಗಿ ಕೂತಿದ್ದೀರಿ, ನೋಡಿ ಬೇಕಾದ್ರೆ."

ನೋಡಿದ. ಐವತ್ತಮೂರು ತಪ್ಪುಗಳೂ ಒಂದೇ ತಪ್ಪಾಗಿದ್ದವು. ಎಲ್ಲೆಲ್ಲಿ ಮೇಲಿನ ಪದಗಳೇ ಕೆಳಗೂ ಇದ್ದವೋ ಅಲ್ಲಲ್ಲಿ ಅವನ ಕಪ್ಪು ಚುಕ್ಕಿ. ಪರೀಕ್ಷೆ ಮಾಡುವವರಿಗೆ ಅವನಂಥವರು ಇರುತ್ತಾರೆಂದು ಮೊದಲೇ ಗೊತ್ತಿತ್ತು, ಅವನಿಗಾಗಿಯೇ ಆ ಉತ್ತರಗಳನ್ನು ಇಟ್ಟಿದ್ದರು. ನಾಚಿಕೆಯಾಯಿತು. ಆದರೆ ಆ ನಾಚಿಕೆಯ ಕೆಳಗೆ ಇನ್ನೊಂದು ಇತ್ತು. ಆ ಹೆಂಗಸಿಗೆ ಅವನು ಹೇಳಿದ್ದು ಬಾಯಿ ತಪ್ಪಿ ಬಂದ ಮಾತು, ಒಂದು ಗಳಿಗೆಯ ಎಡವಟ್ಟು, ಯಾರಿಗಾದರೂ ಆಗಬಹುದು ಎಂದು ಸುದ್ದಿ ತಿಳಿದಾಗಿನಿಂದ ತನಗೆ ತಾನೇ ವಕಾಲತ್ತು ಮಾಡಿಕೊಂಡಿದ್ದ. ಅದು ಎಡವಟ್ಟಲ್ಲ. ಅವನು ಓದುವುದೇ ಹಾಗೆ. ಇವತ್ತು ಅವರು ಇನ್ನೊಂದು ಕಾಗದ ತಂದರೂ ಅವನು ಅದನ್ನೇ ಮಾಡುತ್ತಾನೆ.

"ಒಬ್ಬರ ಮನೆ ಹೋಯ್ತು" ಎಂದ.

ಹೆಂಡತಿ ಮಡಚುತ್ತಿದ್ದ ಟವೆಲನ್ನು ಕೆಳಗಿಟ್ಟಳು. ಅವನು ಹೇಳಿದ. ಹೇಳುವುದು ಅವನಿಗೆ ಬರುತ್ತಿರಲಿಲ್ಲ, ಮೊದಲಿನದು ಕೊನೆಗೆ ಬಂತು, ಕೊನೆಯದು ನಡುವೆ ಬಂತು. ಕಿಟಕಿ, ಬೆರಳು, ಬೀಗ, ಮೂರು ಗುರುವಾರ. ಅವಳು ಡಾಕ್ಟರ ಮುಂದೆ ಸುಳ್ಳು ಹೇಳುವ ರೋಗಿಗಳನ್ನು ದಿನವೂ ನೋಡುವವಳು. ಅವನು ನಿಲ್ಲಿಸಿದ ಮೇಲೆ ಕೇಳಿದಳು.

"ನಿಮ್ಮನ್ನ ಯಾಕೆ ತೋರಿಸ್ಲಿಲ್ಲ ಅವರು?"

"ನನಗೆ ತೊಂದ್ರೆ ಆಗ್ಬಾರ್ದು ಅಂತ. ಅವರೇ ಹೇಳಿದ್ರು."

"ಸರಿ. ತೋರಿಸ್ಲಿಲ್ಲ. ಅದನ್ನ ಮನೇಲೇ ಕೂತು ಮಾಡ್ಬಹುದಿತ್ತಲ್ಲ. ಮೂರು ವಾರ, ಎರಡು ಬಸ್ಸು ಹಿಡ್ಕೊಂಡು ಬಂದು, ನಿಮ್ಮ ಮುಂದೆ ನಿಂತು ಯಾಕೆ ಹೇಳಿದ್ರು?"

ಅವರ ಮಾತುಗಳು ಅವನಿಗೆ ಅಕ್ಷರ ಬಿಡದೆ ನೆನಪಿದ್ದವು. ನಿಮ್ಮನ್ನ ತೋರಿಸ್ಲಿಲ್ಲ, ನಿಮಗ್ಯಾಕೆ ತೊಂದ್ರೆ. ಯಾರೋ ಅಂದ್ರು ಅಂದ್ರೆ ನಂಬಲ್ವಂತೆ. ಮುಂದಿನ ವಾರ ಅರ್ಜಿ ಹಾಕ್ತಾರಂತೆ. ಮೂರನ್ನೂ ಒಂದರ ಕೆಳಗೊಂದು ಇಟ್ಟ. ಅವುಗಳಲ್ಲಿ ಎಲ್ಲಿಯೂ ಬನ್ನಿ ಎಂಬ ಪದವಿರಲಿಲ್ಲ. ದಯವಿಟ್ಟು ಎಂಬುದೂ ಇರಲಿಲ್ಲ. ಆ ಬೆಂಚು, ಆ ಅಳತೆ ಪಟ್ಟಿ, ಮುಚ್ಚುವವರೆಗೆ ಕೂತ ಆ ಮಧ್ಯಾಹ್ನ, ಅವನು ಎರಡು ಸಲ ನಕ್ಕದ್ದು. ಆ ಪದವಿಲ್ಲದೆಯೇ ಅವರು ಮೂರು ವಾರವೂ ಅದನ್ನೇ ಕೇಳಿದ್ದರು.

"ಕೆಲಸ ಹೋಗುತ್ತಾ?" ಎಂದು ಕೇಳಿದಳು ಹೆಂಡತಿ.

"ವಿಚಾರಣೆ ಅಂತೂ ಆಗುತ್ತೆ. ಹೋದ್ರೂ ಹೋಗ್ಬಹುದು. ಕಾಲೇಜಲ್ಲೂ ಕೇಳ್ತಾರೇನೋ."

ಅವಳು ಗಡಿಯಾರ ನೋಡಿದಳು. ಎರಡಕ್ಕೆ ಅವಳ ಡ್ಯೂಟಿ. "ನನ್ನ ಸಂಬಳ ಇದೆ" ಎಂದಳು. ಅವಳ ದನಿ ಗಟ್ಟಿಯಾಗಿಯೇನೂ ಇರಲಿಲ್ಲ. ಅವನು, ನಾಳೆ ವಕೀಲರು ಯಾರೆಂದು ವಿಚಾರಿಸುತ್ತೇನೆ, ಗುರುವಾರ ಅವರು ಬಂದಾಗ ಮಾತಾಡುತ್ತೇನೆ ಎಂದು ಶುರುಮಾಡಿದ. "ಆ ಕಿಟಕಿ ಹಿಂದೆ ಕೂತ್ರೆ ನಿಮಗೆ ಬಾಯಿ ಬರಲ್ಲ ರೀ" ಎಂದು ಅವಳು ಯೂನಿಫಾರ್ಮಿಗೆ ಇಸ್ತ್ರಿ ಮಾಡಲು ಎದ್ದಳು.

ಆ ಹೆಂಗಸಿನ ಮನೆ ಕಡೆಯ ಬಸ್ಸಿನಲ್ಲಿ ಕೂತು ಅವನು ಮೇಡಂಗೆ ಫೋನಿನಲ್ಲಿ ಬರೆದು ಕಳಿಸಿದ: ಏಳು. ಅವರಿಂದ ತಕ್ಷಣ ಬಂತು: "ಇಪ್ಪತ್ತೈದಕ್ಕಾ?" ನೂರಕ್ಕೆ ಎಂದು ಬರೆದ. ಫೋನನ್ನು ಜೇಬಿಗೆ ಹಾಕಿದ. ಎರಡನೆಯ ಬಸ್ಸು ಇಳಿದ ಮೇಲೆ ಯಾರನ್ನೂ ದಾರಿ ಕೇಳಬೇಕಾಗಲಿಲ್ಲ. ತೀರ್ಪಿನ ಕೊನೆಗೆ ಲಗತ್ತಿಸಿದ ಆಸ್ತಿಯ ವಿವರವನ್ನು ಅವನು ಓದಿದ್ದನಲ್ಲ, ಅದು ನಾಲಗೆಯ ಮೇಲೆಯೇ ಇತ್ತು. ಪೂರ್ವಕ್ಕೆ ಇಪ್ಪತ್ತು ಅಡಿ ರಸ್ತೆ, ಪಶ್ಚಿಮಕ್ಕೆ ಪ್ರತಿವಾದಿಯ ಗೋಡೆ, ಉತ್ತರಕ್ಕೆ ಸಾರ್ವಜನಿಕ ನಲ್ಲಿ, ದಕ್ಷಿಣಕ್ಕೆ ಓಣಿ. ನಲ್ಲಿ ಸಿಕ್ಕಿತು. ಓಣಿಯೂ ಸಿಕ್ಕಿತು, ಒಬ್ಬರು ನಡೆದರೆ ಎದುರಿನವರು ಗೋಡೆಗೆ ಒತ್ತಿಕೊಳ್ಳಬೇಕು, ಅಷ್ಟು ಇಕ್ಕಟ್ಟು. ನ್ಯಾಯಾಲಯ ಅವರಿಗೆ ಕೊಟ್ಟದ್ದು ಇದು. ಬದಿಯಲ್ಲಿ ಎರಡು ಬಾಗಿಲು, ಎರಡಕ್ಕೂ ಹೊಳೆಯುವ ಹೊಸ ಬೀಗ. ಓಣಿಯ ಕೊನೆಯಲ್ಲಿ, ಮೊದಲು ಸೌದೆಯೋ ಏನೋ ಇಡುತ್ತಿದ್ದಿರಬಹುದಾದ ತಗಡಿನ ಮಾಡಿನ ಕೆಳಗೆ, ಒಂದು ಮಂಚ, ಒಂದು ಹೊಲಿಗೆ ಯಂತ್ರ. ಇಪ್ಪತ್ತೆರಡು ಪುಟ ಗಟ್ಟಿಯಾಗಿ ಓದಿದವನಿಗೆ ಇದು ಯಾವುದೂ ಕಂಡಿರಲಿಲ್ಲ.

ಅವರು ಯಂತ್ರದ ಮುಂದೆ ಕೂತು ಸೂಜಿಗೆ ದಾರ ಪೋಣಿಸುತ್ತಿದ್ದರು. ತಲೆ ಎತ್ತಿ ನೋಡಿ, ಗುರುತು ಹಿಡಿದು, ಆದರೂ ಏಳಲಿಲ್ಲ. ಅವರ ಮುಖದಲ್ಲಿ ಕಿಟಕಿಯ ಆಚೆ ಇರುತ್ತಿದ್ದ ನಗು ಇರಲಿಲ್ಲ. ಅವನು ಬಸ್ಸಿನಲ್ಲಿ ಜೋಡಿಸಿಕೊಂಡು ಬಂದ ವಾಕ್ಯಗಳೆಲ್ಲ ಚೆಲ್ಲಿಹೋದವು.

"ಅಮ್ಮ, ಅವತ್ತು ನಾನು ಹೇಳಿದ್ದು ತಪ್ಪು. ಓದೋಕೆ ಗೊತ್ತಿಲ್ದೆ ಹೇಳ್ಬಿಟ್ಟೆ. ನಿಮ್ಮ ವಕೀಲರ ಮುಂದೆ ಬಂದು ಹೇಳ್ತೀನಿ. ನ್ಯಾಯಾಧೀಶರ ಮುಂದೆಯೂ."

ಅವರು ದಾರದ ತುದಿಯನ್ನು ಹಲ್ಲಿನಿಂದ ಕಚ್ಚಿ, ಸೂಜಿಯ ಕಣ್ಣಿಗೆ ತೂರಿಸಿ, ಎಳೆದು, ಆಮೇಲೆ ಯಂತ್ರದ ಮೇಲಿದ್ದ ಫೋನು ಕೈಗೆ ತೆಗೆದುಕೊಂಡರು. ವಕೀಲರ ನಂಬರು ಹುಡುಕಬೇಕಾಗಲಿಲ್ಲ.

"ಮಂಚದ ಮೇಲೆ ಕೂತ್ಕೊಳ್ಳಿ, ಕುರ್ಚಿ ಒಳಗೆ ಉಳೀತು" ಎಂದು ಬೀಗ ಹಾಕಿದ ಬಾಗಿಲಿನ ಕಡೆ ಗಲ್ಲ ಎತ್ತಿದರು. ಫೋನು ಕಿವಿಗೆ ಹಿಡಿದು, ಆ ಕಡೆಯವರು ಎತ್ತುವುದನ್ನು ಕಾಯುತ್ತ, ಅವನನ್ನು ನೋಡದೆ ಹೇಳಿದರು: "ಮೂರು ಗುರುವಾರ ಬಂದೆ. ಇನ್ನು ಬರೋದು ಬೇಡ ಅಂದ್ಕೊಂಡಿದ್ದೆ."